ಎರಡನೆಯ ಡಬ್ಬಿ

ಶಾಲೆ ಬಿಟ್ಟು ಮನೆಗೆ ಬರುವಾಗ ಬೀದಿಯ ತಿರುವಿನಲ್ಲೇ ನಿಮಗೆ ಗೊತ್ತಾಗಿಬಿಡುತ್ತದೆ. ಪಕ್ಕದ ಮನೆಯಲ್ಲಿ ಹಪ್ಪಳ ಕರಿಯುತ್ತಿದ್ದಾರೆ, ನಮ್ಮ ಮನೆಯಲ್ಲಿ ಸಾರಿಗೆ ಇಂಗಿನ ಒಗ್ಗರಣೆ ಬಿದ್ದಿದೆ. ಯಾರೂ ಹೇಳಿಲ್ಲ, ನೀವು ಅಡುಗೆಮನೆಗೆ ಇಣುಕಿಯೂ ಇಲ್ಲ. ಸುದ್ದಿ ತಂದದ್ದು ಗಾಳಿ. ಇಂಗಿನಿಂದ ಎದ್ದ, ಕಣ್ಣಿಗೆ ಕಾಣದಷ್ಟು ಸಣ್ಣ ಅಣುಗಳು ಕಿಟಕಿ ದಾಟಿ, ಕಾಂಪೌಂಡು ಹಾರಿ ನಿಮ್ಮ ಮೂಗನ್ನು ತಲುಪಿವೆ.

ಮಕ್ಕಳೇ, ಇವತ್ತು ನಾವು ಮಾತಾಡುವುದೂ ವಾಸನೆ ಹಿಡಿಯುವ ಕೆಲಸದ ಬಗ್ಗೆಯೇ. ಆದರೆ ಜಾಗ ಅಡುಗೆಮನೆಯಲ್ಲ, ಸುಟ್ಟು ಕರಕಲಾದ ಒಂದು ಅಂಗಡಿ.

ಒಂದು ಊರಿನ ಬಟ್ಟೆ ಅಂಗಡಿಗೆ ರಾತ್ರಿ ಬೆಂಕಿ ಬಿತ್ತು ಎಂದುಕೊಳ್ಳೋಣ. ಅಗ್ನಿಶಾಮಕ ದಳದವರು ಬಂದು ನೀರು ಹಾಯಿಸಿ ಆರಿಸಿದರು. ಬೆಳಗಾಗಿ ನೋಡಿದರೆ ನೆಲದ ತುಂಬ ಕರಿ ರಾಡಿ, ಅರ್ಧ ಸುಟ್ಟ ರತ್ನಗಂಬಳಿ, ಸೀಳಿದ ಗಾಜು. ಹೊರಗೆ ನಿಂತ ಜನ ಗುಸುಗುಸು ಮಾತಾಡುತ್ತಾರೆ. ‘ಕರೆಂಟಿನ ವೈರು ಶಾರ್ಟ್ ಆಗಿರಬೇಕು’ ಅನ್ನುತ್ತಾರೆ ಒಬ್ಬರು. ‘ಏ ಇಲ್ಲ ಮಾರಾಯ, ಯಾರೋ ಪೆಟ್ರೋಲ್ ಸುರಿದು ಹಚ್ಚಿದ್ದಾರೆ’ ಅನ್ನುತ್ತಾರೆ ಇನ್ನೊಬ್ಬರು. ಇಬ್ಬರೂ ರಾತ್ರಿ ಅಲ್ಲಿರಲಿಲ್ಲ. ಹಾಗಾದರೆ ಯಾರ ಮಾತು ಸರಿ? ಅದನ್ನು ಕೇಳಬೇಕಾದದ್ದು ಆ ಕರಿ ರಾಡಿಯನ್ನೇ. ಅದರ ಭಾಷೆ ಬಲ್ಲವರು ರಸಾಯನ ವಿಜ್ಞಾನಿಗಳು.

ಸುಟ್ಟ ಮೇಲೂ ಉಳಿಯುತ್ತದೆಯೇ?

ಇಲ್ಲಿ ನಿಮಗೊಂದು ಅನುಮಾನ ಬರಬೇಕು. ಪೆಟ್ರೋಲ್ ಎಂದರೆ ಭಗ್ಗನೆ ಹೊತ್ತಿಕೊಳ್ಳುವ ವಸ್ತು. ಅಂಗಡಿಯೇ ಬೂದಿಯಾದ ಮೇಲೆ ಪೆಟ್ರೋಲ್ ಎಲ್ಲಿ ಉಳಿದೀತು?

ದೇವರ ಮನೆಯ ಹಣತೆಯನ್ನು ದೂರದಿಂದಲೇ ಗಮನಿಸಿ. ಎಣ್ಣೆಯ ಮೇಲೆ ಉರಿ ಇರುವುದಿಲ್ಲ, ಬತ್ತಿಯ ತುದಿಯಲ್ಲಿ ಮಾತ್ರ ಇರುತ್ತದೆ. ಬತ್ತಿ ಹೀರಿಕೊಂಡ ಎಣ್ಣೆ ತುದಿಯಲ್ಲಿ ಕಾದು ಆವಿಯಾಗುತ್ತದೆ. ಆ ಆವಿ ಗಾಳಿಯ ಆಮ್ಲಜನಕದೊಡನೆ ಬೆರೆತು ಉರಿಯುತ್ತದೆ. ಉರಿಯುವುದು ಎಣ್ಣೆಯಲ್ಲ, ಎಣ್ಣೆಯ ಆವಿ. ಮೈಕೆಲ್ ಫ್ಯಾರಡೆ ಎಂಬ ವಿಜ್ಞಾನಿ 1860ರ ಕ್ರಿಸ್‌ಮಸ್ ರಜೆಯಲ್ಲಿ ಲಂಡನ್ನಿನ ಮಕ್ಕಳಿಗೆ ಒಂದು ಮೇಣದಬತ್ತಿಯನ್ನೇ ಇಟ್ಟುಕೊಂಡು ಆರು ಉಪನ್ಯಾಸ ಕೊಟ್ಟರು. ಉರಿಯ ನಡುವಿನಿಂದ ಆವಿಯನ್ನು ಗಾಜಿನ ಕೊಳವೆಯಲ್ಲಿ ಹೊರಗೆ ತಂದು, ಕೊಳವೆಯ ಇನ್ನೊಂದು ತುದಿಯಲ್ಲಿ ಹೊತ್ತಿಸಿ ತೋರಿಸಿದರು.

ಪೆಟ್ರೋಲಿನದೂ ಇದೇ ಕಥೆ. ನೆಲಕ್ಕೆ ಬಿದ್ದ ಪೆಟ್ರೋಲಿನ ಮೇಲ್ಮೈ ಆವಿಯಾಗಿ ಉರಿಯುತ್ತದೆ. ಆದರೆ ಸ್ವಲ್ಪ ಪೆಟ್ರೋಲ್ ಗಂಬಳಿಯ ಬುಡಕ್ಕೆ, ಹಲಗೆಯ ಸಂದಿಗೆ, ನೆಲದ ಬಿರುಕಿಗೆ ಇಳಿದಿರುತ್ತದೆ. ಅಲ್ಲಿಗೆ ಗಾಳಿ ಸಾಲದು, ಬಿಸಿಯೂ ಕಡಿಮೆ. ಹಣತೆಯಲ್ಲಿ ಎಣ್ಣೆಯೊಳಗೆ ಮುಳುಗಿದ ಬತ್ತಿ ಬೆಳ್ಳಗೇ ಉಳಿಯುವಂತೆ, ಆ ಪೆಟ್ರೋಲೂ ಉಳಿದುಬಿಡುತ್ತದೆ. ಕೆಲವೊಮ್ಮೆ ಒಂದೆರಡು ಹನಿ, ಕೆಲವೊಮ್ಮೆ ಹನಿಯ ಸಾವಿರದಲ್ಲೊಂದು ಪಾಲು. ಪ್ರಯೋಗಾಲಯಕ್ಕೆ ಅಷ್ಟು ಸಾಕು.

ಇನ್ನೊಂದು ಮಾತು ನೆನಪಿಡಿ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೇರದೆ ನೆಲಕ್ಕೆ ಅಂಟಿಕೊಂಡು ಹರಿಯುತ್ತದೆ. ದೂರದ ಒಂದು ಕಿಡಿ ಸಾಕು, ಬೆಂಕಿ ಅಲ್ಲಿಂದ ಇಲ್ಲಿಗೆ ಓಡಿ ಬರುತ್ತದೆ. ಆದ್ದರಿಂದ ಪೆಟ್ರೋಲು, ಸೀಮೆಎಣ್ಣೆ, ಬೆಂಕಿ ಇವುಗಳ ಪ್ರಯೋಗ ಮಕ್ಕಳಿಗೆ ಬೇಡವೇ ಬೇಡ. ನಿಮಗಾಗಿ ಬೇರೊಂದು ಪ್ರಯೋಗ ಕೊನೆಯಲ್ಲಿದೆ.

ಎರಡು ಡಬ್ಬಿ

ತನಿಖೆಯವರು ಅಂಗಡಿಯೊಳಗೆ ಬಂದರು. ಕೈಗೆ ಹೊಸ ಕೈಗವಸು. ಜೊತೆಗೆ ಬಣ್ಣದಂಗಡಿಯಲ್ಲಿ ಸಿಗುವಂಥ ತಗಡಿನ ಡಬ್ಬಿಗಳು, ಆದರೆ ಬಣ್ಣ ಕಾಣದ ಹೊಚ್ಚ ಹೊಸವು. ಪ್ಲಾಸ್ಟಿಕ್ ಕವರ್ ಯಾಕಾಗದು? ಅಜ್ಜಿ ಇಂಗನ್ನು ಕವರಿನಲ್ಲಿ ಸುತ್ತಿಟ್ಟರೂ ಮತ್ತೆ ಡಬ್ಬಿಗೆ ಹಾಕುವುದು ಏಕೆಂದು ಯೋಚಿಸಿ. ಕವರಿಗೆ ತೂತಿಲ್ಲದಿದ್ದರೂ ಇಂಗಿನ ವಾಸನೆ ನುಸುಳಿ ಬರುತ್ತದೆ. ಪೆಟ್ರೋಲಿನ ಅಣುಗಳೂ ಸಾಮಾನ್ಯ ಪಾಲಿಥಿನ್ ಚೀಲದಿಂದ ಹಾಗೆಯೇ ಪಾರಾಗುತ್ತವೆ. ಹೊರಗಿನ ವಾಸನೆ ಒಳಕ್ಕೂ ಹೋಗಬಹುದು.

ಅನುಮಾನ ಬಂದ ಕಡೆಯಿಂದ ಒಂದು ತುಂಡು ಗಂಬಳಿಯನ್ನು ಕತ್ತರಿಸಿ ಮೊದಲನೆಯ ಡಬ್ಬಿಗೆ ಹಾಕುತ್ತಾರೆ. ಕಂಠದ ತನಕ ತುಂಬುವುದಿಲ್ಲ. ಮೂರರಲ್ಲಿ ಒಂದು ಪಾಲಿನಷ್ಟು ಜಾಗ ಖಾಲಿ ಬಿಡುತ್ತಾರೆ, ಆವಿ ಬಂದು ನಿಲ್ಲಲು ಅಂಗಳ ಬೇಕಲ್ಲ! ಕೈಗವಸು ಬದಲಿಸುತ್ತಾರೆ. ಆಮೇಲೆ ಅಂಗಡಿಯ ಇನ್ನೊಂದು ಮೂಲೆಗೆ ಹೋಗುತ್ತಾರೆ. ಅಲ್ಲಿಯೂ ಅದೇ ಗಂಬಳಿ, ಆದರೆ ಯಾರೂ ಏನೂ ಸುರಿದಿರಲಾರರು ಎನ್ನಿಸುವ ಜಾಗ. ಅಲ್ಲಿಂದಲೂ ಒಂದು ತುಂಡು ಕತ್ತರಿಸಿ ಎರಡನೆಯ ಡಬ್ಬಿಗೆ ಹಾಕುತ್ತಾರೆ.

‘ಅನುಮಾನವೇ ಇಲ್ಲದ ತುಂಡು ಯಾಕೆ?’ ಎಂದು ಕೇಳುತ್ತೀರಾ? ಆ ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಳ್ಳಿ. ಅದಕ್ಕೆ ಉತ್ತರ ಮುಂದೆ ಬರುತ್ತದೆ.

ಡಬ್ಬಿಗಳಿಗೆ ಚೀಟಿ ಅಂಟಿಸಿ, ಪಂಚರ ಎದುರಿನಲ್ಲಿ ಮಹಜರು ಬರೆದು, ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಮಣ್ಣು ತುಂಬಿದ ಡಬ್ಬಿಯಾದರೆ ತಣ್ಣಗೆ ಇಡಬೇಕು. ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ಪೆಟ್ರೋಲ್ ಎಂದರೆ ಊಟ. ತಡವಾದರೆ ಸಾಕ್ಷ್ಯವನ್ನೇ ತಿಂದು ಮುಗಿಸುತ್ತವೆ! ನಮ್ಮ ರಾಜ್ಯದಲ್ಲಿ ಇಂಥ ಪರೀಕ್ಷೆಗೆಂದು ಬೆಂಗಳೂರಿನ ಮಡಿವಾಳದಲ್ಲಿ ವಿಧಿವಿಜ್ಞಾನ ಪ್ರಯೋಗಾಲಯವಿದೆ. ಪತ್ರಿಕೆಗಳಲ್ಲಿ ‘ಎಫ್‌ಎಸ್‌ಎಲ್ ವರದಿ’ ಎಂದು ಓದಿರುತ್ತೀರಲ್ಲ, ಅದು ಇಂಥ ಕಡೆಯಿಂದ ಬರುವ ವರದಿ.

ಇದ್ದಿಲಿನ ಬಲೆ

ಡಬ್ಬಿ ತೆರೆದು ಮೂಸಿ ನೋಡಿದರೆ ಆಗದೇ? ಆಗದು. ಮೂಗು ಬೇಗ ದಣಿಯುತ್ತದೆ. ಅಗರಬತ್ತಿ ಹಚ್ಚಿದ ಕೋಣೆಯಲ್ಲಿ ಹತ್ತು ನಿಮಿಷ ಕುಳಿತರೆ ಪರಿಮಳವೇ ಗೊತ್ತಾಗುವುದಿಲ್ಲ. ಅಲ್ಲದೆ ಆ ಆವಿ ಆರೋಗ್ಯಕ್ಕೂ ಕೆಟ್ಟದ್ದು. ನಾಯಿಯ ಮೂಗು ನಮ್ಮದಕ್ಕಿಂತ ಬಹಳ ಚುರುಕು. 1980ರ ದಶಕದಿಂದ ಅಮೆರಿಕದಲ್ಲಿ ಲ್ಯಾಬ್ರಡಾರ್ ನಾಯಿಗಳಿಗೆ ಪೆಟ್ರೋಲಿನಂಥ ದ್ರವಗಳ ವಾಸನೆ ಹಿಡಿಯಲು ತರಬೇತಿ ಕೊಡುತ್ತಿದ್ದಾರೆ. ಆದರೆ ನಾಯಿ ‘ಇಲ್ಲಿ ನೋಡಿ’ ಎಂದು ಜಾಗ ತೋರಿಸಬಲ್ಲದೇ ಹೊರತು, ‘ಇದು ಇಂಥದ್ದೇ’ ಎಂದು ವರದಿ ಬರೆಯಲಾರದು.

ಪ್ರಯೋಗಾಲಯದವರು ಬಲೆ ಬೀಸುತ್ತಾರೆ. ಬೆರಳಿನ ಉಗುರಿನಷ್ಟು ದೊಡ್ಡ ಇದ್ದಿಲಿನ ಪಟ್ಟಿಯೊಂದನ್ನು ಡಬ್ಬಿಯೊಳಗೆ ತೂಗುಬಿಟ್ಟು ಮುಚ್ಚಳ ಬಿಗಿಯುತ್ತಾರೆ. ಇದು ಒಲೆಯ ಇದ್ದಿಲಲ್ಲ. ಮೈತುಂಬ ಕಾಣದಷ್ಟು ಸಣ್ಣ ಗೂಡುಗಳು ಮೂಡುವಂತೆ ಹದ ಮಾಡಿದ ಇದ್ದಿಲು. ಇಂಥ ಒಂದು ಗ್ರಾಂ ಇದ್ದಿಲಿನ ಗೂಡುಗಳ ಗೋಡೆಗಳನ್ನೆಲ್ಲ ಬಿಚ್ಚಿ ಹಾಸಲು ಸಾಧ್ಯವಾಗಿದ್ದರೆ 500 ಚದರ ಮೀಟರಿಗೂ ಹೆಚ್ಚು ಜಾಗ ಬೇಕಾಗುತ್ತಿತ್ತು. ಬ್ಯಾಸ್ಕೆಟ್‌ಬಾಲ್ ಅಂಗಳ ಅದಕ್ಕಿಂತ ಚಿಕ್ಕದು. ತೆಂಗಿನ ಚಿಪ್ಪಿನಿಂದಲೂ ಇಂಥ ಇದ್ದಿಲು ಮಾಡುತ್ತಾರೆ. ಮನೆಯ ನೀರಿನ ಫಿಲ್ಟರಿನೊಳಗೂ ಇದು ಇರುತ್ತದೆ.

ಡಬ್ಬಿಯನ್ನು ಓವನ್ನಿನಲ್ಲಿಟ್ಟು ಸುಮಾರು 60ರಿಂದ 90 ಡಿಗ್ರಿ ಬಿಸಿಯಲ್ಲಿ ರಾತ್ರಿಯಿಡೀ ಬಿಡುತ್ತಾರೆ. ಗಂಬಳಿಯಲ್ಲಿ ಅಡಗಿದ್ದ ಅಣುಗಳು ಆವಿಯಾಗಿ ಮೇಲೇಳುತ್ತವೆ, ಖಾಲಿ ಜಾಗದಲ್ಲಿ ಸುಳಿದಾಡುತ್ತವೆ, ಒಂದೊಂದಾಗಿ ಇದ್ದಿಲಿನ ಗೂಡು ಹೊಕ್ಕು ಕೂರುತ್ತವೆ. ಬೆಳಗ್ಗೆ ಪಟ್ಟಿಯನ್ನು ತೆಗೆದು ಕಾರ್ಬನ್ ಡೈಸಲ್ಫೈಡ್‌ನಂಥ ದ್ರಾವಕದ ಕೆಲವೇ ಹನಿಗಳಲ್ಲಿ ಅದ್ದಿದರೆ, ಸಿಕ್ಕಿಬಿದ್ದ ಅಣುಗಳೆಲ್ಲ ಅದಕ್ಕೆ ಇಳಿಯುತ್ತವೆ. ಬೆಂಕಿಯ ಗುಟ್ಟು ಹಿಡಿಯಲು ಇದ್ದಿಲೇ ಬೇಕಾಯಿತು, ನೋಡಿ!

ಅಣುಗಳ ಕೆಸರುಗದ್ದೆ ಓಟ

ಈಗ ಆ ಹನಿಯಲ್ಲಿ ನೂರಾರು ಬಗೆಯ ಅಣುಗಳು ಗಜಿಬಿಜಿಯಾಗಿವೆ. ಪೆಟ್ರೋಲ್ ಎಂದರೆ ಒಂದೇ ವಸ್ತುವಲ್ಲ. ಇಂಗಾಲ ಮತ್ತು ಜಲಜನಕ ಸೇರಿ ಆದ ನೂರಾರು ಸಂಯುಕ್ತಗಳ ಮಿಶ್ರಣ ಅದು. ಇವನ್ನು ಬಿಡಿಸುವುದು ಹೇಗೆ?

ದಕ್ಷಿಣ ಕನ್ನಡ, ಉಡುಪಿ, ಮಲೆನಾಡಿನ ಕಡೆಯ ಮಕ್ಕಳು ಕೆಸರುಗದ್ದೆ ಓಟ ನೋಡಿರುತ್ತಾರೆ, ಓಡಿಯೂ ಇರುತ್ತಾರೆ. ಎಲ್ಲರೂ ಒಟ್ಟಿಗೇ ಹೊರಡುತ್ತಾರೆ. ಹಗುರ ಮೈಯವರು ಚಂಗನೆ ಮುಂದೆ ಹೋಗುತ್ತಾರೆ. ಭಾರದವರ ಕಾಲು ಹೂತು, ಎತ್ತಿ, ಮತ್ತೆ ಹೂತು ನಿಧಾನವಾಗುತ್ತದೆ. ಹೊರಟಾಗ ಗುಂಪು, ಮುಟ್ಟುವಾಗ ಒಬ್ಬೊಬ್ಬರೇ.

ಪ್ರಯೋಗಾಲಯದ ಗದ್ದೆ ಎಂದರೆ ಕೂದಲೆಳೆಯಂಥ ಒಂದು ಕೊಳವೆ. ಒಳಗಿನ ಅಗಲ ಸುಮಾರು ಕಾಲು ಮಿಲಿಮೀಟರ್, ಉದ್ದ ಸಾಮಾನ್ಯವಾಗಿ 30 ಮೀಟರ್. ಅದನ್ನು ಚಕ್ಕುಲಿಯಂತೆ ಸುತ್ತಿ ಒಂದು ಓವನ್ನಿನಲ್ಲಿ ಇಟ್ಟಿರುತ್ತಾರೆ. ಕೊಳವೆಯ ಒಳಮೈಗೆ ಅಂಟಂಟಾದ ತೆಳು ಲೇಪ, ಅದೇ ಕೆಸರು. ಹೀಲಿಯಂ ಅನಿಲ ಅಣುಗಳನ್ನು ಹಿಂದಿನಿಂದ ನೂಕುತ್ತದೆ. ಓವನ್ನಿನ ಬಿಸಿ ಮೆಲ್ಲಮೆಲ್ಲನೆ ಏರುತ್ತದೆ. ಬೇಗ ಆವಿಯಾಗುವ ಹಗುರ ಅಣುಗಳು ಮೊದಲು ಹೊರಬರುತ್ತವೆ, ಭಾರದವು ಅಂಟಿ ಅಂಟಿ ತಡವಾಗಿ ಬರುತ್ತವೆ. ಈ ವಿದ್ಯೆಯ ಹೆಸರು ಗ್ಯಾಸ್ ಕ್ರೊಮ್ಯಾಟೊಗ್ರಫಿ.

ಗುರಿ ಮುಟ್ಟಿದ ಅಣುವಿನ ಗುರುತು ಹಿಡಿಯಬೇಕಲ್ಲ? ಅಲ್ಲಿ ಇನ್ನೊಂದು ಯಂತ್ರ ಕಾದಿರುತ್ತದೆ, ಅದು ಮಾಸ್ ಸ್ಪೆಕ್ಟ್ರೋಮೀಟರ್. ಅದು ಎಲೆಕ್ಟ್ರಾನುಗಳಿಂದ ಹೊಡೆದು ಅಣುವನ್ನು ಚೂರು ಮಾಡಿ, ಚೂರುಗಳ ತೂಕ ನೋಡುತ್ತದೆ. ಹಬ್ಬ ಮುಗಿದ ಮೇಲೆ ಡಬ್ಬಿಯ ತಳದಲ್ಲಿ ಉಳಿದ ಪುಡಿ ನೋಡಿಯೇ ನೀವು ಹೇಳುವುದಿಲ್ಲವೇ? ಮುಳ್ಳುಮುಳ್ಳಾದ ಬಾಗಿದ ಚೂರಾದರೆ ಚಕ್ಕುಲಿ, ನುಣುಪಾದ ದಪ್ಪ ಚೂರಾದರೆ ಕೋಡುಬಳೆ. ಹಾಗೆಯೇ ಒಂದೊಂದು ಬಗೆಯ ಅಣುವಿಗೂ ಚೂರಾಗುವ ತನ್ನದೇ ರೀತಿ ಇರುತ್ತದೆ.

ಈ ಬಿಡಿಸುವ ವಿದ್ಯೆ ಹುಟ್ಟಿದ್ದು ಬೆಂಕಿಯಿಂದಲ್ಲ, ಎಲೆಯಿಂದ. ಮಿಖಾಯಿಲ್ ತ್ಸ್ವೆಟ್ ಎಂಬ ರಷ್ಯದ ಸಸ್ಯವಿಜ್ಞಾನಿ 1900ರ ದಶಕದ ಆರಂಭದಲ್ಲಿ ಹಸಿರೆಲೆಯ ರಸವನ್ನು ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಇಳಿಬಿಟ್ಟರು. ರಸ ಇಳಿಯುತ್ತಾ ಹೋದಂತೆ ಹಸಿರು, ಹಳದಿ ಪಟ್ಟೆಗಳು ಬೇರೆ ಬೇರೆಯಾಗಿ ನಿಂತವು. ಅವರ ಹೆಸರಿಗೆ ರಷ್ಯನ್ ಭಾಷೆಯಲ್ಲಿ ‘ಬಣ್ಣ’ ಎಂದೇ ಅರ್ಥ! ಸೀಮೆಸುಣ್ಣದಿಂದ ಶುರುವಾದ ವಿದ್ಯೆ ಈಗ ಸೀಮೆಎಣ್ಣೆಯ ಗುಟ್ಟು ಹೇಳುತ್ತಿದೆ.

ಮೂವರು ಮಸ್ಕಿಟಿಯರು, ಒಂದು ಕೋಟೆ

ಓಟದ ಫಲಿತಾಂಶ ಕಂಪ್ಯೂಟರಿನ ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಒಂದು ಬಗೆಯ ಅಣು ಗುರಿ ಮುಟ್ಟಿದಾಗಲೆಲ್ಲ ಗೆರೆ ಗೋಪುರದಂತೆ ಏರಿ ಇಳಿಯುತ್ತದೆ. ಅಣುಗಳು ಹೆಚ್ಚಿದ್ದರೆ ಗೋಪುರ ಎತ್ತರ.

ಪೆಟ್ರೋಲಿನ ಚಿತ್ರದಲ್ಲಿ ಒಂದು ಕಡೆ ಮೂರು ಗೋಪುರಗಳು ಹತ್ತಿರ ಹತ್ತಿರ ನಿಲ್ಲುತ್ತವೆ. ಅವು ಈಥೈಲ್ ಬೆಂಜೀನ್ ಮತ್ತು ಜೈಲೀನ್‌ಗಳು. ಇಂಗ್ಲಿಷ್ ಮಾತಾಡುವ ದೇಶಗಳ ವಿಜ್ಞಾನಿಗಳು ತಮಾಷೆಗೆ ಇವಕ್ಕೆ ‘ಮೂವರು ಮಸ್ಕಿಟಿಯರು’ ಎಂದು ಹೆಸರಿಟ್ಟಿದ್ದಾರೆ. ಫ್ರೆಂಚ್ ಕಾದಂಬರಿಯೊಂದರ ಮೂವರು ಶೂರ ಗೆಳೆಯರ ಹೆಸರು ಅದು. ಸ್ವಲ್ಪ ಮುಂದೆ ಇನ್ನೊಂದು ಗುಂಪು ಕೋಟೆಯ ಬುರುಜುಗಳಂತೆ ಕಾಣುತ್ತದೆ. ಅದರ ಅಡ್ಡಹೆಸರೂ ‘ಕೋಟೆ’ಯೇ. ಸೀಮೆಎಣ್ಣೆಯ ಚಿತ್ರವೇ ಬೇರೆ. ಬೇಲಿಯ ಗೂಟಗಳಂತೆ ಸಮ ಅಂತರದಲ್ಲಿ ಗೋಪುರಗಳು ಏಳುತ್ತವೆ. ಮೊದಲು ಕುಳ್ಳು, ನಡುವೆ ಎತ್ತರ, ಮತ್ತೆ ಕುಳ್ಳು, ದೂರದ ಗುಡ್ಡದ ಹಾಗೆ. ಹಿಂದೆ ರೇಷನ್ ಅಂಗಡಿಯಲ್ಲಿ ಕೊಡುತ್ತಿದ್ದ ಸೀಮೆಎಣ್ಣೆಗೆ ನೀಲಿ ಬಣ್ಣ ಬೆರೆಸುತ್ತಿದ್ದರು, ಅಜ್ಜಿಯನ್ನು ಕೇಳಿ. ಬೆಂಕಿಗೆ ಸಿಕ್ಕ ಮೇಲೆ ಆ ಬಣ್ಣವನ್ನು ನಂಬಿ ಕೂರಲಾಗದು. ಗುಡ್ಡದ ಆಕಾರ ಹೆಚ್ಚು ನಂಬಿಕೆಯ ಗುರುತು.

ಇಲ್ಲೊಂದು ತೊಡಕಿದೆ. ಇವತ್ತಿನ ಗಂಬಳಿ, ಸೋಫಾದೊಳಗಿನ ಸ್ಪಂಜು, ಪ್ಲಾಸ್ಟಿಕ್ಕು ಹುಟ್ಟುವುದು ಬಹುಪಾಲು ಪೆಟ್ರೋಲಿಯಂನಿಂದಲೇ. ಅವು ಸುಟ್ಟಾಗ ಟಾಲ್ವೀನ್, ಬೆಂಜೀನ್, ಸ್ಟೈರೀನ್ ಮುಂತಾದವು ಹೊರಬರುತ್ತವೆ. ಇವುಗಳಲ್ಲಿ ಕೆಲವು ಪೆಟ್ರೋಲಿನಲ್ಲೂ ಇವೆ. ಪೈನ್ ಮರದಲ್ಲಿ ತಾನಾಗಿಯೇ ಟರ್ಪೆಂಟೈನಿನ ಅಂಶ ಇರುತ್ತದೆ. ಹೀಗಿರುವಾಗ ಯಾರೂ ಏನೂ ಸುರಿಯದ ಗಂಬಳಿಯೂ ಸುಟ್ಟಾಗ ಪೆಟ್ರೋಲಿನ ನೆಂಟನಂತೆ ಕಾಣಬಹುದು.

ಜೇಬಿನಲ್ಲಿಟ್ಟ ಪ್ರಶ್ನೆಯನ್ನು ಈಗ ಹೊರತೆಗೆಯಿರಿ. ಎರಡನೆಯ ಡಬ್ಬಿ ಇರುವುದು ಇದಕ್ಕೇ. ಬರೀ ಗಂಬಳಿಯಿಂದ ಏನೇನು ಬರುತ್ತದೆ ಎಂದು ಅದು ತೋರಿಸುತ್ತದೆ. ಎರಡೂ ಡಬ್ಬಿಗಳ ಚಿತ್ರವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಮೊದಲನೆಯದರಲ್ಲಿ ಮಾತ್ರ ಮಸ್ಕಿಟಿಯರೂ ಕೋಟೆಯೂ ತಕ್ಕ ಪ್ರಮಾಣದಲ್ಲಿ ಎದ್ದು ನಿಂತಿದ್ದರೆ, ಆಗ ‘ಪೆಟ್ರೋಲ್ ಇದೆ’ ಎನ್ನಬಹುದು. ಪ್ರಮಾಣ ಮುಖ್ಯ. ಸಾರಿನ ಪುಡಿಗೂ ಹುಳಿಪುಡಿಗೂ ಕೊತ್ತಂಬರಿ, ಮೆಣಸಿನಕಾಯಿ, ಮೆಂತ್ಯ ಬೀಳುತ್ತವೆ. ಹೆಸರಿನ ಪಟ್ಟಿ ನೋಡಿದರೆ ಎರಡೂ ಒಂದೇ ಅನ್ನಿಸೀತು. ಯಾವುದು ಎಷ್ಟು ಬಿದ್ದಿದೆ ಎಂದು ನೋಡಿದವರಿಗೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಮನೆಯಷ್ಟು ದೊಡ್ಡ ಡಬ್ಬಿ

ಎರಡನೆಯ ಡಬ್ಬಿ ಯಾವಾಗಲೂ ತಗಡಿನದೇ ಆಗಬೇಕಿಲ್ಲ. ಒಮ್ಮೆ ಅದು ಒಂದು ಇಡೀ ಮನೆಯಾಗಿತ್ತು!

1990ರಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಜಾಕ್ಸನ್‌ವಿಲ್ ನಗರದಲ್ಲಿ, ಲೈಮ್ ಸ್ಟ್ರೀಟ್ ಎಂಬ ಬೀದಿಯ ಮನೆಯೊಂದು ಸುಟ್ಟುಹೋಯಿತು. ಪ್ರಾಣಹಾನಿಯೂ ಆಯಿತು. ನೆಲದ ಮೇಲೆ ದ್ರವ ಚೆಲ್ಲಿ ಹರಿದಂತೆ ಸುಟ್ಟ ಗುರುತುಗಳಿದ್ದವು. ‘ಪೆಟ್ರೋಲ್ ಸುರಿದಾಗ ಮಾತ್ರ ನೆಲ ಹೀಗೆ ಸುಡುತ್ತದೆ’ ಎಂದು ಆ ಕಾಲದ ತನಿಖೆಯವರು ನಂಬಿದ್ದರು. ಬದುಕಿ ಹೊರಬಂದ ಒಬ್ಬ ಮನುಷ್ಯನ ಮೇಲೆಯೇ ಆರೋಪ ಬಂತು. ‘ಸೋಫಾಕ್ಕೆ ಹತ್ತಿದ ಬೆಂಕಿ ಅದು’ ಎಂದು ಅವನು ಹೇಳುತ್ತಿದ್ದ.

ಜಾನ್ ಲೆಂಟಿನಿ, ಜಾನ್ ಡಿಹಾನ್ ಎಂಬ ಇಬ್ಬರು ಬೆಂಕಿ ತಜ್ಞರನ್ನು ಸರ್ಕಾರದ ಪರ ವಕೀಲರು ಕರೆಸಿದರು. ಅದೇ ಬೀದಿಯಲ್ಲಿ ಹೆಚ್ಚು ಕಡಿಮೆ ಅದೇ ನಮೂನೆಯ ಇನ್ನೊಂದು ಮನೆ ಪಾಳುಬಿದ್ದಿತ್ತು. ತಜ್ಞರು ಅದಕ್ಕೆ ಅಂಥದ್ದೇ ಗಂಬಳಿ, ಪರದೆ, ಸೋಫಾ ಹಾಕಿಸಿದರು. ಬಿಸಿ ಅಳೆಯುವ ಸಾಧನ ಕೂರಿಸಿದರು. ಒಂದು ಹನಿ ಪೆಟ್ರೋಲೂ ಸುರಿಯದೆ ಬರೀ ಸೋಫಾಕ್ಕೆ ಬೆಂಕಿ ತಾಗಿಸಿದರು. ಆ ಮನುಷ್ಯನ ಮಾತು ಸುಳ್ಳೆಂದು ಇದರಿಂದ ತಿಳಿಯುತ್ತದೆ ಎಂದೇ ಅವರೂ ಎಣಿಸಿದ್ದರು.

ಆದದ್ದು ಬೇರೆ. ಬಿಸಿ ಹೊಗೆ ಚಾವಣಿಯ ಕೆಳಗೆ ದಪ್ಪ ಮೋಡದಂತೆ ಕೂಡಿತು. ಐದು ನಿಮಿಷದೊಳಗೆ ಆ ಮೋಡದ ಕಾವಿಗೆ ಕೋಣೆಯಲ್ಲಿದ್ದುದೆಲ್ಲ ಒಮ್ಮೆಲೇ ಭುಗಿಲೆದ್ದಿತು, ನೆಲವೂ ಸೇರಿ. ಇದಕ್ಕೆ ಫ್ಲ್ಯಾಶ್‌ಓವರ್ ಎನ್ನುತ್ತಾರೆ. ಬೆಂಕಿ ಆರಿದ ಮೇಲೆ ನೋಡಿದರೆ ನೆಲದ ಮೇಲೆ ಅಂಥವೇ ಗುರುತುಗಳು! ಪೆಟ್ರೋಲಿಲ್ಲದೆಯೂ ನೆಲ ಹಾಗೆ ಸುಡಬಲ್ಲದು ಎಂದಾಯಿತು. ಆರೋಪ ಕೈಬಿಟ್ಟರು.

ಮರುವರ್ಷ, 1991ರ ಅಕ್ಟೋಬರಿನಲ್ಲಿ, ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಗುಡ್ಡಗಳಲ್ಲಿ ಒಣಹುಲ್ಲಿಗೆ ಹತ್ತಿದ ಬೆಂಕಿ ಗಾಳಿಗೆ ಹಬ್ಬಿ ಸಾವಿರಾರು ಮನೆಗಳನ್ನು ಸುಟ್ಟಿತು. ಈ ಮನೆಗಳೊಳಗೆ ಯಾರೂ ಏನೂ ಸುರಿದಿರಲಿಲ್ಲ. ಲೆಂಟಿನಿ ಮತ್ತು ಸಂಗಡಿಗರು ಅಲ್ಲಿ ಹುಡುಕಿದಾಗ, ಜೇಡರ ಬಲೆಯಂತೆ ಬಿರುಕುಬಿಟ್ಟ ಕಿಟಕಿಗಾಜುಗಳು ಸಿಕ್ಕವು. ‘ಗಾಜು ಹೀಗಾದರೆ ಯಾರೋ ದ್ರವ ಸುರಿದು ಹಚ್ಚಿದ್ದಾರೆ’ ಎಂಬುದು ಹಳೆಯ ನಂಬಿಕೆ. ನಿಜವಾದ ಕಾರಣ ನಿಮ್ಮ ಅಜ್ಜನಿಗೆ ಗೊತ್ತು. ಉರಿಯುವ ಲಾಟೀನಿನ ಗಾಜಿನ ಮೇಲೆ ಒಂದು ಹನಿ ತಣ್ಣೀರು ಬಿದ್ದರೆ ಏನಾಗುತ್ತದೆ ಎಂದು ಅವರನ್ನು ಕೇಳಿ. ಕಾದ ಗಾಜಿನ ಮೇಲೆ ಬೆಂಕಿ ಆರಿಸುವ ನೀರು ಬಿದ್ದರೂ ಅಷ್ಟೇ, ಗಾಜು ಚಟಚಟನೆ ಬಿರಿಯುತ್ತದೆ.

ನೀವೇ ಮಾಡಿ ನೋಡಿ

ಎರಡು ಬಿಳಿ ಸೀಮೆಸುಣ್ಣ ತೆಗೆದುಕೊಳ್ಳಿ. ಒಂದರ ಬುಡದಿಂದ ಎರಡು ಸೆಂಟಿಮೀಟರ್ ಮೇಲೆ ಕಪ್ಪು ಸ್ಕೆಚ್ ಪೆನ್ನಿನಿಂದ ಸುತ್ತಲೂ ಗೆರೆ ಎಳೆಯಿರಿ. ಇನ್ನೊಂದಕ್ಕೆ ಏನೂ ಮಾಡಬೇಡಿ. ತಟ್ಟೆಯಲ್ಲಿ ಒಂದು ಸೆಂಟಿಮೀಟರ್ ನೀರು ಹಾಕಿ ಎರಡನ್ನೂ ನಿಲ್ಲಿಸಿ. ನೀರು ಗೆರೆಯನ್ನು ಮುಟ್ಟಬಾರದು, ಕೆಳಗಿರಬೇಕು. ನೀರು ತಾನಾಗಿ ಮೇಲೇರುತ್ತಾ ಶಾಯಿಯನ್ನು ಎಳೆದುಕೊಂಡು ಹೋಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ಕಪ್ಪು ಬಿಡಿಬಿಡಿಯಾಗಿ ನೀಲಿ, ಕೆಂಪು, ಹಳದಿ ಕಾಣಿಸಬಹುದು. ಬೇರೆ ಕಂಪನಿಯ ಕಪ್ಪು ಪೆನ್ನಾದರೆ ಪಟ್ಟೆಗಳು ಬೇರೆ ರೀತಿ ಬಂದಾವು. ಏನೂ ಬರೆಯದ ಸೀಮೆಸುಣ್ಣದಲ್ಲಿ ಬಣ್ಣ ಏಳದಿದ್ದರೆ, ಆ ಬಣ್ಣ ತಟ್ಟೆಯದಲ್ಲ, ನೀರಿನದಲ್ಲ, ಶಾಯಿಯದೇ ಎಂದು ಖಾತ್ರಿಯಾಯಿತು. ನಿಮ್ಮ ಎರಡನೆಯ ಡಬ್ಬಿ ಅದು.

ವರದಿಯಲ್ಲಿ ಏನಿರುತ್ತದೆ?

ನಮ್ಮ ಬಟ್ಟೆ ಅಂಗಡಿಗೆ ಮರಳೋಣ. ಪ್ರಯೋಗಾಲಯದ ವರದಿ ಬಂತು. ಬರೀ ಒಂದು ಸಾಲು: ‘ಮೊದಲನೆಯ ಡಬ್ಬಿಯಲ್ಲಿ ಪೆಟ್ರೋಲಿನ ಅಂಶವಿದೆ, ಎರಡನೆಯದರಲ್ಲಿ ಇಲ್ಲ.’ ಯಾರು ತಂದರು, ಯಾಕೆ ತಂದರು ಎಂದು ರಸಾಯನ ವಿಜ್ಞಾನಿ ಬರೆಯುವುದಿಲ್ಲ. ಅಂಗಡಿಯವರು ಜನರೇಟರಿಗೆ ಪೆಟ್ರೋಲ್ ಹಾಕುವಾಗ ಅಲ್ಲಿ ಚೆಲ್ಲಿದ್ದಿರಬಹುದು. ಅದನ್ನು ವಿಚಾರಿಸುವುದು ಪೊಲೀಸರ ಕೆಲಸ, ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ‘ಏನೂ ಸಿಗಲಿಲ್ಲ’ ಎಂದು ವರದಿ ಬಂದರೂ ಏನೂ ಸುರಿದಿರಲಿಲ್ಲ ಎಂದು ಅರ್ಥವಲ್ಲ. ಎಲ್ಲವೂ ಉರಿದುಹೋಗಿರಬಹುದು.

ನಾಳೆ ನಿಮ್ಮ ತರಗತಿಯಲ್ಲಿ ಟೀಚರ ಮೇಜಿನ ಮೇಲಿನ ಶಾಯಿ ಬಾಟಲಿ ಉರುಳಿ ಬಿದ್ದಿದೆ ಎಂದುಕೊಳ್ಳಿ. ಒಬ್ಬ ಹುಡುಗನ ಬೆರಳಿಗೆ ಶಾಯಿ ಅಂಟಿದೆ. ‘ಇವನೇ!’ ಎಂದು ಎಲ್ಲರೂ ಕೂಗುತ್ತಾರೆ. ಆಗ ನೀವು ಕೂಗಬೇಡಿ. ಉಳಿದವರ ಬೆರಳುಗಳನ್ನೂ ಒಮ್ಮೆ ನೋಡಿ. ನಿಮ್ಮದನ್ನೂ.